ಭಾರತದಲ್ಲಿ ವಿದೇಶಿಯರ ವೀಸಾ, ವಾಸ ಮತ್ತು ಪೌರತ್ವ

ಭಾರತದಲ್ಲಿ ವಿದೇಶಿಯರ ವೀಸಾ, ವಾಸ ಮತ್ತು ಪೌರತ್ವ ಎಂಬುದು ಅನ್ಯದೇಶಗಳ ಪ್ರಜೆಗಳು ಭಾರತವನ್ನು ಪ್ರವೇಶಿಸಲು, ಇಲ್ಲಿ ವ್ಯಾಸಂಗ ಅಥವಾ ಉದ್ಯೋಗ ಮಾಡಲು, ದೀರ್ಘಕಾಲ ನೆಲೆಸಲು ಮತ್ತು ಭಾರತೀಯ ಪೌರತ್ವವನ್ನು ಪಡೆಯಲು ಇರುವ ಕಾನೂನುಬದ್ಧ ಮಾರ್ಗಗಳಿಗೆ ಸಂಬಂಧಿಸಿದ ವಿಷಯವಾಗಿದೆ. ಸಂವಿಧಾನದ 5ರಿಂದ 11ರವರೆಗಿನ ವಿಧಿಗಳು, 1955ರ ಪೌರತ್ವ ಕಾಯ್ದೆ ಮತ್ತು 2025ರ ವಲಸೆ ಹಾಗೂ ವಿದೇಶಿಯರ ಕಾಯ್ದೆ ಇದಕ್ಕೆ ಆಧಾರವಾಗಿವೆ. ಪೌರತ್ವವು ಕೇಂದ್ರ ಸರ್ಕಾರದ ಅಧಿಕಾರ ವ್ಯಾಪ್ತಿಗೆ ಸೇರಿದ ವಿಷಯವಾದರೂ ಅರ್ಜಿಗಳ ಪರಿಶೀಲನೆ ಜಿಲ್ಲಾ ಮಟ್ಟದಿಂದಲೇ ಆರಂಭವಾಗುತ್ತದೆ. ವಿದೇಶಿ ವೈದ್ಯಕೀಯ ವಿದ್ಯಾರ್ಥಿಗಳಿರುವ ಬೆಳಗಾವಿ ನಗರ ಮತ್ತು ಗೋವಾದ ಗಡಿಗೆ ಹೊಂದಿಕೊಂಡಿರುವ ಖಾನಾಪುರ ತಾಲ್ಲೂಕು ಈ ಕಾನೂನುಗಳ ಸ್ಥಳೀಯ ಪರಿಣಾಮವನ್ನು ಅರಿಯಲು ಉತ್ತಮ ಉದಾಹರಣೆಗಳಾಗಿವೆ.

ಕಾನೂನಿನ ಹಿನ್ನೆಲೆ

ಬ್ರಿಟಿಷ್ ಆಡಳಿತದ ಕಾಲದಲ್ಲಿ ರಚಿತವಾದ 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ ಹಾಗೂ 1946ರ ವಿದೇಶಿಯರ ಕಾಯ್ದೆಗಳು ಸ್ವಾತಂತ್ರ್ಯಾನಂತರವೂ ಜಾರಿಯಲ್ಲಿದ್ದವು. ಇವುಗಳ ಜೊತೆಗೆ ವಾಹಕ ಸಂಸ್ಥೆಗಳ ಹೊಣೆಗಾರಿಕೆಯನ್ನು ಕುರಿತ 2000ದ ಕಾಯ್ದೆಯನ್ನೂ ರದ್ದುಪಡಿಸಿ, ಸಂಸತ್ತು 2025ರಲ್ಲಿ ಒಂದೇ ಸಮಗ್ರ ಕಾಯ್ದೆಯನ್ನು ರೂಪಿಸಿತು. ಇದು 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಇದರ ಪ್ರಕಾರ ಸರಿಯಾದ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಪ್ರವೇಶಿಸುವವರಿಗೆ 5 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ವೀಸಾ ಅವಧಿ ಮುಗಿದ ಮೇಲೂ ಉಳಿದುಕೊಳ್ಳುವವರಿಗೆ 3 ವರ್ಷಗಳವರೆಗೆ ಸೆರೆವಾಸ, 3 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ವೀಸಾ ವಿಧಗಳು

ಪ್ರವಾಸಿ, ವ್ಯಾಪಾರ, ವೈದ್ಯಕೀಯ, ವಿದ್ಯಾರ್ಥಿ, ಸಂಶೋಧನೆ, ಉದ್ಯೋಗ ಮತ್ತು ಪ್ರವೇಶ ವೀಸಾಗಳು ಮುಖ್ಯವಾದವು. ವೀಸಾವನ್ನು ಯಾವ ಉದ್ದೇಶಕ್ಕಾಗಿ ನೀಡಲಾಗಿದೆಯೋ ಅದಕ್ಕೆ ಮಾತ್ರ ಬಳಸಬೇಕು. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳದ ಕೆಲಸ ಮಾಡುವುದು ನಿಯಮೋಲ್ಲಂಘನೆಯಾಗುತ್ತದೆ.

ಉದ್ಯೋಗ ವೀಸಾವನ್ನು ನುರಿತ ಹಾಗೂ ಅರ್ಹ ವೃತ್ತಿಪರರಿಗೆ ನೀಡಲಾಗುತ್ತದೆ. ಅರ್ಹ ಭಾರತೀಯರು ಧಾರಾಳವಾಗಿ ದೊರೆಯುವ ಕೆಲಸಗಳಿಗೆ ಮತ್ತು ಸಾಮಾನ್ಯ ಗುಮಾಸ್ತೆ ಕೆಲಸಗಳಿಗೆ ಈ ವೀಸಾ ದೊರೆಯುವುದಿಲ್ಲ. ವಾರ್ಷಿಕ ವೇತನಕ್ಕೆ 16.25 ಲಕ್ಷ ರೂಪಾಯಿಗಳ ಕನಿಷ್ಠ ಮಿತಿಯನ್ನು ನಿಗದಿಪಡಿಸಲಾಗಿದೆ. ವಿದೇಶಿ ಅಡುಗೆಯಲ್ಲಿ ಪರಿಣತರಾದ ಬಾಣಸಿಗರು, ಇಂಗ್ಲಿಷ್ ಹೊರತಾದ ವಿದೇಶಿ ಭಾಷೆಗಳ ಶಿಕ್ಷಕರು ಮತ್ತು ಅನುವಾದಕರು ಮೊದಲಾದವರಿಗೆ ಈ ಮಿತಿಯಿಂದ ವಿನಾಯಿತಿ ಇದೆ. ವೀಸಾವು ನಿರ್ದಿಷ್ಟ ಉದ್ಯೋಗದಾತರಿಗೆ ಬದ್ಧವಾಗಿರುವುದರಿಂದ, ವೀಸಾ ಪಡೆದವರು ತಮ್ಮಿಚ್ಛೆಯಂತೆ ಸಂಸ್ಥೆಯನ್ನು ಬದಲಾಯಿಸುವಂತಿಲ್ಲ.

ನೋಂದಣಿ ಮತ್ತು ದೀರ್ಘಾವಧಿ ವಾಸ

180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ, ಉದ್ಯೋಗ ಮೊದಲಾದ ವೀಸಾಗಳಲ್ಲಿ ಬರುವವರು ಆಗಮಿಸಿದ 14 ದಿನಗಳೊಳಗೆ ನೋಂದಣಿ ಮಾಡಿಸಿಕೊಳ್ಳಬೇಕು. ಪಾಕಿಸ್ತಾನದ ಪ್ರಜೆಗಳಿಗೆ ಈ ಕಾಲಮಿತಿ 24 ಗಂಟೆ. ಬೆಂಗಳೂರಿನಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ ಇದೆ. ಇಂತಹ ಕಚೇರಿ ಇಲ್ಲದ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳು ನೋಂದಣಿ ಅಧಿಕಾರಿಗಳಾಗಿರುತ್ತಾರೆ. 2018ರಿಂದ ಇ-ಎಫ್‌ಆರ್‌ಆರ್‌ಒ ಜಾಲತಾಣದ ಮೂಲಕ ನೋಂದಣಿ, ವೀಸಾ ವಿಸ್ತರಣೆ ಮತ್ತು ನಿರ್ಗಮನ ಪರವಾನಗಿಗೆ ಅರ್ಜಿ ಸಲ್ಲಿಸಬಹುದಾಗಿದೆ. ವಿದೇಶಿಯರಿಗೆ ವಸತಿ ನೀಡುವ ಹೋಟೆಲ್, ವಸತಿನಿಲಯ ಅಥವಾ ಮನೆಯ ಮಾಲೀಕರು ಆ ಬಗ್ಗೆ 24 ಗಂಟೆಗಳೊಳಗೆ ಮಾಹಿತಿ ಸಲ್ಲಿಸಬೇಕು. ಇದನ್ನು ಬಹುಕಾಲದಿಂದ ‘ಸಿ ನಮೂನೆ’ ಎಂದು ಕರೆಯಲಾಗಿದೆ.

ಭಾರತದಲ್ಲಿ ಎಲ್ಲ ವಿದೇಶಿಯರಿಗೂ ಅನ್ವಯಿಸುವ ಖಾಯಂ ನಿವಾಸದ ವ್ಯವಸ್ಥೆ ಇಲ್ಲ. 2016ರಲ್ಲಿ ಕೇಂದ್ರ ಸಚಿವ ಸಂಪುಟವು ವಿದೇಶಿ ಹೂಡಿಕೆದಾರರಿಗೆ 10 ವರ್ಷಗಳ ನಿವಾಸ ಸ್ಥಾನಮಾನ ನೀಡುವ ಯೋಜನೆಗೆ ಒಪ್ಪಿಗೆ ನೀಡಿತು. 18 ತಿಂಗಳಲ್ಲಿ ಕನಿಷ್ಠ 10 ಕೋಟಿ ಅಥವಾ 36 ತಿಂಗಳಲ್ಲಿ ಕನಿಷ್ಠ 25 ಕೋಟಿ ರೂಪಾಯಿ ಹೂಡಿಕೆ ಮಾಡುವುದು ಮತ್ತು ಪ್ರತಿ ಆರ್ಥಿಕ ವರ್ಷ ಕನಿಷ್ಠ 20 ಭಾರತೀಯ ನಿವಾಸಿಗಳಿಗೆ ಉದ್ಯೋಗ ದೊರೆಯುವಂತೆ ಮಾಡುವುದು ಇದರ ಷರತ್ತುಗಳು.

ಸಾಗರೋತ್ತರ ಭಾರತೀಯ ನಾಗರಿಕರು

ಒಸಿಐ ಎಂದು ಪ್ರಸಿದ್ಧವಾದ ಈ ಸ್ಥಾನಮಾನ 2005ರಿಂದ ಜಾರಿಯಲ್ಲಿದೆ. ಇದರ ಹೆಸರಿನಲ್ಲಿ ‘ನಾಗರಿಕ’ ಎಂಬ ಪದವಿದ್ದರೂ ಇದು ಪೌರತ್ವವಲ್ಲ. ಆಜೀವ ವೀಸಾಕ್ಕೆ ಹೋಲಿಸಬಹುದಾದ ಸೌಲಭ್ಯ. ಒಸಿಐ ಕಾರ್ಡ್ ಹೊಂದಿದವರಿಗೆ ಮತದಾನದ ಹಕ್ಕಿಲ್ಲ. ಅವರು ಚುನಾವಣೆಗೆ ಸ್ಪರ್ಧಿಸುವಂತಿಲ್ಲ ಮತ್ತು ಕೃಷಿಭೂಮಿ, ತೋಟ ಅಥವಾ ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಭಾರತೀಯ ಪ್ರಜೆಯನ್ನು ಮದುವೆಯಾದ ವಿದೇಶಿಯರು, ವಿವಾಹ ನೋಂದಣಿಯಾಗಿ ಕನಿಷ್ಠ 2 ವರ್ಷ ದಾಂಪತ್ಯ ಮುಂದುವರಿದಿದ್ದರೆ ಅರ್ಜಿ ಸಲ್ಲಿಸಬಹುದು. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರತ್ವ ಹೊಂದಿದ್ದವರು ಮತ್ತು ಅಂಥವರ ಸಂತತಿಯವರು ಇದಕ್ಕೆ ಅರ್ಹರಲ್ಲ.

2021ರ ಮಾರ್ಚ್ 4ರ ಅಧಿಸೂಚನೆಯು ನೀಟ್ ಮೊದಲಾದ ಪ್ರವೇಶ ಪರೀಕ್ಷೆಗಳ ಮೂಲಕ ದೊರೆಯುವ ಸೀಟುಗಳಲ್ಲಿ ಒಸಿಐ ವಿದ್ಯಾರ್ಥಿಗಳನ್ನು ಅನಿವಾಸಿ ಭಾರತೀಯರ ಕೋಟಾಕ್ಕೆ ಸೀಮಿತಗೊಳಿಸಿತು. ಈ ನಿರ್ಬಂಧವು ಅಧಿಸೂಚನೆಯ ದಿನಾಂಕದ ನಂತರ ಒಸಿಐ ಕಾರ್ಡ್ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ ಎಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು.

ಪೌರತ್ವ ಪಡೆಯುವ ವಿಧಾನಗಳು

ಜನನ: 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿಯರ ಪೌರತ್ವ ಯಾವುದೇ ಇದ್ದರೂ, ಕೆಲವು ಅಪವಾದಗಳನ್ನು ಬಿಟ್ಟು ಜನನದಿಂದಲೇ ಪೌರರು. 1987ರ ಜುಲೈ 1ರಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. ಅನಂತರ ಹುಟ್ಟಿದವರ ವಿಷಯದಲ್ಲಿ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು.

ವಂಶ: ಭಾರತದ ಹೊರಗೆ ಭಾರತೀಯ ತಂದೆ ಅಥವಾ ತಾಯಿಗೆ ಹುಟ್ಟಿದವರು ಈ ಮಾರ್ಗದಲ್ಲಿ ಪೌರತ್ವ ಪಡೆಯಬಹುದು. 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಕ್ಕಳ ಜನನವನ್ನು ಸಾಮಾನ್ಯವಾಗಿ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು.

ನೋಂದಣಿ: 7 ವರ್ಷ ಭಾರತದಲ್ಲಿ ವಾಸವಾಗಿರುವ ಭಾರತೀಯ ಮೂಲದವರು ಮತ್ತು ಭಾರತೀಯರನ್ನು ವಿವಾಹವಾಗಿ 7 ವರ್ಷ ಇಲ್ಲಿ ನೆಲೆಸಿದವರು ಅರ್ಜಿ ಸಲ್ಲಿಸಬಹುದು. ಒಸಿಐ ನೋಂದಣಿಯಾಗಿ 5 ವರ್ಷ ಕಳೆದವರಿಗೆ ಅರ್ಜಿಗೆ ಮುಂಚಿನ 12 ತಿಂಗಳ ವಾಸ ಸಾಕು.

ಸಹಜೀಕರಣ: ಅರ್ಜಿಗೆ ಮುಂಚಿನ 12 ತಿಂಗಳು ನಿರಂತರವಾಗಿ ಮತ್ತು ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಭಾರತದಲ್ಲಿ ವಾಸವಾಗಿರಬೇಕು. ಸನ್ನಡತೆ ಹಾಗೂ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾಷೆಯ ಸಾಕಷ್ಟು ಜ್ಞಾನವೂ ಅಗತ್ಯ. ಕನ್ನಡವೂ ಈ ಅನುಸೂಚಿಯಲ್ಲಿರುವುದರಿಂದ ಕನ್ನಡ ಬಲ್ಲ ಅರ್ಜಿದಾರರು ಈ ಷರತ್ತನ್ನು ಪೂರೈಸಬಲ್ಲರು.

ಭೂಪ್ರದೇಶ ಸೇರ್ಪಡೆ: ಹೊಸ ಪ್ರದೇಶ ಭಾರತಕ್ಕೆ ಸೇರಿದಾಗ ಅಲ್ಲಿನ ಯಾರು ಪೌರರಾಗುತ್ತಾರೆಂಬುದನ್ನು ಕೇಂದ್ರ ಸರ್ಕಾರ ಆದೇಶದ ಮೂಲಕ ನಿರ್ಧರಿಸುತ್ತದೆ.

ಸಾಮಾನ್ಯವಾಗಿ ನೋಂದಣಿ ಮತ್ತು ಸಹಜೀಕರಣದ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಭರ್ತಿ ಮಾಡಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲಾಗುತ್ತದೆ. ಜಿಲ್ಲಾಧಿಕಾರಿಗಳ ವರದಿ ರಾಜ್ಯ ಸರ್ಕಾರದ ಮೂಲಕ ಕೇಂದ್ರ ಗೃಹ ಸಚಿವಾಲಯವನ್ನು ತಲುಪುತ್ತದೆ. 2019ರ ತಿದ್ದುಪಡಿಯ ಅನ್ವಯ, 2014ರ ಡಿಸೆಂಬರ್ 31ರೊಳಗೆ ಅಫ್ಘಾನಿಸ್ತಾನ, ಬಾಂಗ್ಲಾದೇಶ ಮತ್ತು ಪಾಕಿಸ್ತಾನಗಳಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ ಮತ್ತು ಕ್ರೈಸ್ತರಿಗೆ ಸಹಜೀಕರಣಕ್ಕೆ ಬೇಕಾದ 11 ವರ್ಷಗಳ ವಾಸವನ್ನು 5 ವರ್ಷಗಳಿಗೆ ಇಳಿಸಲಾಗಿದೆ. ಇದರ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಮುಸ್ಲಿಮರನ್ನು ಹೊರಗಿಟ್ಟ ಕಾರಣ ಈ ತಿದ್ದುಪಡಿ ವ್ಯಾಪಕ ವಿರೋಧವನ್ನು ಎದುರಿಸಿತು ಮತ್ತು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟಿತು.

ಬೆಳಗಾವಿಯ ವಿದೇಶಿ ವಿದ್ಯಾರ್ಥಿಗಳು

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಸ್ಥಾಪನೆಯಾಯಿತು. ಮಲೇಷ್ಯಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾ ಮತ್ತು ಕೆಎಲ್ಇ ವಿಶ್ವವಿದ್ಯಾಲಯಗಳ ಸಹಯೋಗದ ಅಂತರರಾಷ್ಟ್ರೀಯ ವೈದ್ಯಕೀಯ ಕಾರ್ಯಕ್ರಮವು 2010ರಲ್ಲಿ ಇದೇ ನಗರದಲ್ಲಿ ಆರಂಭವಾಯಿತು. ಇಂತಹ ವಿದ್ಯಾರ್ಥಿಗಳು ವಿದ್ಯಾರ್ಥಿ ವೀಸಾದಲ್ಲಿ ಬಂದು ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ. ಅವರ ಪ್ರವೇಶ ಮತ್ತು ಹಾಜರಾತಿಯ ಮಾಹಿತಿಯನ್ನು ನೀಡುವ ಹೊಣೆ ಶಿಕ್ಷಣ ಸಂಸ್ಥೆಗಳ ಮೇಲಿದೆ. ವಿದೇಶಿ ದಂಪತಿಗಳಿಗೆ ಇಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಮಗು ಜನಿಸಿದರೆ ಅದಕ್ಕೆ ಸ್ಥಳೀಯ ಜನನ ಪ್ರಮಾಣಪತ್ರ ದೊರೆಯುತ್ತದೆಯೇ ಹೊರತು ಭಾರತೀಯ ಪೌರತ್ವ ದೊರೆಯುವುದಿಲ್ಲ. ಅದರ ಪಾಸ್‌ಪೋರ್ಟನ್ನು ಪೋಷಕರು ತಮ್ಮ ದೇಶದ ದೂತಾವಾಸದಿಂದ ಪಡೆಯಬೇಕಾಗುತ್ತದೆ.

ಖಾನಾಪುರ, ಗೋವಾ ಮತ್ತು ಪೋರ್ಚುಗೀಸ್ ಪೌರತ್ವ

ಖಾನಾಪುರ ತಾಲ್ಲೂಕಿನ ಪಶ್ಚಿಮದ ಗಡಿ 1961ರ ಡಿಸೆಂಬರ್‌ವರೆಗೆ ಅಂತರರಾಷ್ಟ್ರೀಯ ಗಡಿಯಾಗಿತ್ತು. ಗೋವಾ ಭಾರತಕ್ಕೆ ಸೇರಿದ ಮೇಲೆ ಹೊರಡಿಸಲಾದ 1962ರ ಗೋವಾ, ದಮನ್ ಮತ್ತು ದಿಯು ಪೌರತ್ವ ಆದೇಶದ ಪ್ರಕಾರ, ತಾವು ಅಥವಾ ತಮ್ಮ ತಂದೆತಾಯಿ, ಅಜ್ಜಅಜ್ಜಿಯರು 1961ರ ಡಿಸೆಂಬರ್ 20ಕ್ಕೆ ಮೊದಲು ಅಲ್ಲಿ ಹುಟ್ಟಿದವರು ಭಾರತೀಯ ಪೌರರೆನಿಸಿದರು. ಹಿಂದಿನ ಪೌರತ್ವವನ್ನೇ ಉಳಿಸಿಕೊಳ್ಳಲು ಬಯಸುವವರಿಗೆ ಒಂದು ತಿಂಗಳೊಳಗೆ ಲಿಖಿತ ಘೋಷಣೆ ನೀಡಲು ಅವಕಾಶವಿತ್ತು. ಹೀಗೆ ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡು, ವಾಸದ ಪರವಾನಗಿ ಮುಗಿದ ಮೇಲೂ ಗೋವಾದಲ್ಲೇ ಉಳಿದ ಒಬ್ಬ ಕ್ರೈಸ್ತ ಪಾದ್ರಿಯ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಎತ್ತಿಹಿಡಿಯಿತು. ಹುಟ್ಟಿದ ಊರಿನಲ್ಲಿದ್ದರೂ ಅವರು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರಾಗಿದ್ದರು.

ಪೋರ್ಚುಗಲ್ 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಗೋವಾದ ಮೇಲಿನ ಭಾರತದ ಸಾರ್ವಭೌಮತ್ವವನ್ನು ಮಾನ್ಯ ಮಾಡಿತು. ಆದರೂ ಪೋರ್ಚುಗೀಸ್ ಆಡಳಿತದ ಕಾಲದಲ್ಲಿ ಗೋವಾದಲ್ಲಿ ಹುಟ್ಟಿದವರು ತಮ್ಮ ಜನನವನ್ನು ಲಿಸ್ಬನ್‌ನ ಕೇಂದ್ರ ನೋಂದಣಿ ಕಚೇರಿಯಲ್ಲಿ ದಾಖಲಿಸಿ ಪೌರತ್ವ ಸ್ಥಾಪಿಸಿಕೊಳ್ಳಲು ಆ ದೇಶದ ಕಾನೂನು ಅವಕಾಶ ನೀಡುತ್ತದೆ. ಬಳಿಕ ಅವರ ಮಕ್ಕಳೂ ಅರ್ಜಿ ಸಲ್ಲಿಸಬಹುದು. 2020ರ ಅಂತ್ಯದವರೆಗೆ ಈ ಪಾಸ್‌ಪೋರ್ಟ್ ಬ್ರಿಟನ್ನಿನಲ್ಲಿ ಮುಕ್ತವಾಗಿ ನೆಲೆಸಿ ದುಡಿಯುವ ದಾರಿಯೂ ಆಗಿತ್ತು. ಬೆಳಗಾವಿ ಮತ್ತು ಖಾನಾಪುರ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿ ಹುಟ್ಟಿದ ಮಾತ್ರಕ್ಕೆ ಈ ಹಕ್ಕು ಬರುವುದಿಲ್ಲ. ಗೋವಾದಲ್ಲಿ ಹುಟ್ಟಿದ ಹಿರಿಯರ ದಾಖಲೆಯೇ ಇದಕ್ಕೆ ಆಧಾರ.

ಭಾರತದಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲ. ಪೌರತ್ವ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಮತದಾನದ ಹಕ್ಕು ಹೋಗುತ್ತದೆ ಮತ್ತು ಭಾರತೀಯ ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಲಿಸ್ಬನ್‌ನ ನೋಂದಣಿಯ ಕಾರಣಕ್ಕೆ ಪಾಸ್‌ಪೋರ್ಟ್ ರದ್ದಾದವರಿಗೆ ಒಪ್ಪಿಸುವಿಕೆ ಪ್ರಮಾಣಪತ್ರ ದೊರೆಯದೆ ಒಸಿಐ ಅರ್ಜಿಗೂ ತೊಡಕಾಗಿತ್ತು. 2024ರಲ್ಲಿ ಕೇಂದ್ರ ಸರ್ಕಾರವು ಪಾಸ್‌ಪೋರ್ಟ್ ರದ್ದತಿಯ ಪತ್ರವನ್ನು ಪರ್ಯಾಯ ದಾಖಲೆಯಾಗಿ ಅಂಗೀಕರಿಸಿತು.

ಕರ್ನಾಟಕದ ಟಿಬೆಟನ್ನರು

ಬೈಲಕುಪ್ಪೆ ಹಾಗೂ ಬೆಳಗಾವಿಯ ನೆರೆಯ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್ ವಸಾಹತುಗಳಿವೆ. ಅಲ್ಲಿನ ನಿವಾಸಿಗಳು ವಿದೇಶಿಯರೆಂದು ನೋಂದಣಿ ಪ್ರಮಾಣಪತ್ರ ಪಡೆದು ಕಾಲಕಾಲಕ್ಕೆ ನವೀಕರಿಸುತ್ತಾರೆ. ಆದರೆ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಜನಿಸಿದ ಟಿಬೆಟನ್ನರು ಜನನದಿಂದಲೇ ಭಾರತೀಯ ಪೌರರೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಮತ್ತು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪು ನೀಡಿದವು. ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು 2014ರಲ್ಲಿ ಚುನಾವಣಾ ಆಯೋಗ ಸೂಚಿಸಿತು. 2017ರಲ್ಲಿ ಅವರಿಗೆ ಪಾಸ್‌ಪೋರ್ಟ್ ನೀಡಲು ವಿದೇಶಾಂಗ ಸಚಿವಾಲಯ ಒಪ್ಪಿತು. ನೋಂದಣಿ ಪ್ರಮಾಣಪತ್ರವನ್ನು ಹಿಂದಿರುಗಿಸಿ ವಸಾಹತಿನ ಸೌಲಭ್ಯಗಳನ್ನು ತ್ಯಜಿಸಬೇಕೆಂಬ ಷರತ್ತುಗಳನ್ನು ವಿಧಿಸಿದ್ದರಿಂದ, ಪೌರತ್ವದ ಆಯ್ಕೆ ಅನೇಕ ಕುಟುಂಬಗಳಿಗೆ ಮನೆ ಮತ್ತು ಜಮೀನಿನ ಪ್ರಶ್ನೆಯೂ ಆಯಿತು.