ಅಜ್ಜನ ಅಳತೆಗೋಲು

ನಮ್ಮೂರು ಪೆದ್ದಹರಿವಾಣದ ಎರೆಹೊಲದಲ್ಲಿ ಒಂದೇ ಜೋಡಿ ಎತ್ತಿನ ಹೆಗಲ ಮೇಲೆ ವರ್ಷದ ಬೇಸಾಯವೆಲ್ಲ ಸಾಗುತ್ತಿತ್ತು. ಬೇಸಿಗೆಯಲ್ಲಿ ನೊಗಕ್ಕೆ ಕುಂಟೆ, ಹದಮಳೆಯಾದರೆ ಅದೇ ನೊಗಕ್ಕೆ ಬಿತ್ತುವ ಕೂರಿಗೆ. ಮಿಣಿ ಬಿಚ್ಚಿ ಈಸು ಬದಲಿಸಿದರೆ ಆಯಿತು. ಕಳೆ ತೆಗೆಯಲು ಪೈರಿನ ನಡುವೆ ಎಡೆ ಹೊಡೆಯುವಾಗ ಮಾತ್ರ ಉದ್ದನೆಯ ನೊಗ, ಅದಕ್ಕೆ ಒಟ್ಟಿಗೆ ಎರಡು ಮೂರು ಎಡೆಕುಂಟೆ.

ಬಡಗಿಯಾಗಿದ್ದ ನಮ್ಮಜ್ಜ ಇವನ್ನೆಲ್ಲ ಜಾಲಿಮರದಲ್ಲಿ ಕೆತ್ತಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕೂಲಿಯಾಗಿ ಆಯದ ಕಾಳು ತರುತ್ತಿದ್ದ. ಅವನ ಜೀವವೆಲ್ಲ ಇದ್ದದ್ದು ಒಂದು ಅಳತೆಗೋಲಿನಲ್ಲಿ. ಕೂರಿಗೆಯಲ್ಲಿ ನೆಲ ಸೀಳುವ ತಾಳಿನಿಂದ ತಾಳಿಗೆ ಎಷ್ಟು ಅಂತರವೋ ಸಾಲಿನಿಂದ ಸಾಲಿಗೆ ಅಷ್ಟೇ. ಆ ಸಂದಿನಲ್ಲೇ ಎಡೆಕುಂಟೆಯ ಕುಡ ಹಾಯಬೇಕು, ಎತ್ತು ಹೆಜ್ಜೆ ಇಡಬೇಕು. "ಕೂರಿಗಿ ಅಳತಿ ತಪ್ಪಿದ್ರ ಎತ್ತಿನ ಕಾಲಾಗ ಪೈರು ಸಾಯ್ತಾವ" ಅನ್ನುತ್ತಿದ್ದ.

ಕೂರಿಗೆಯಂಥ ಜಾಣ ಸಲಕರಣೆಯನ್ನು ನಾನು ಬೇರೆ ಕಂಡಿಲ್ಲ. ಮೇಲೆ ಒಂದು ಮರದ ಬಟ್ಟಲು, ಅದರ ತೂತುಗಳಿಂದ ತಾಳುಗಳಿಗೆ ಇಳಿಯುವ ಬಿದಿರಿನ ಕೊಳವೆಗಳು, ಅಂದರೆ ಸೆಡ್ಡೆಗಳು. ಅವ್ವ ಹಿಡಿ ಜೋಳವನ್ನು ಬೆರಳಸಂದಿಯಲ್ಲಿ ಬಿಡುತ್ತಿದ್ದರೆ ಕಾಳು ಎಲ್ಲ ಸಾಲಿಗೂ ಸಮನಾಗಿ ಹಂಚಿಹೋಗುತ್ತಿತ್ತು. ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಸೆಡ್ಡೆ ಹಿಡಿದು ಚಿಕ್ಕಮ್ಮ ನಡುನಡುವಿನ ಅಕ್ಕಡಿ ಸಾಲಿಗೆ ತೊಗರಿ ಬಿಡುತ್ತಾ ಬರುತ್ತಿದ್ದಳು. ಸೀಳುವುದು, ಬಿತ್ತುವುದು, ಅಕ್ಕಡಿ ಹಾಕುವುದು ಎಲ್ಲ ಒಂದೇ ನಡೆಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್, ಬಿತ್ತುವ ಕೂರಿಗೆ ಯುರೋಪಿನ ಹೊಸ ಶೋಧವೆಂದು ನಂಬಿದ್ದವನು, ದಕ್ಷಿಣ ಭಾರತದ ರೈತರ ಕೈಯಲ್ಲಿ ಅದನ್ನು ಕಂಡು ಬೆರಗಾಗಿ ಬರೆದ ಪತ್ರಗಳು 1797ರಲ್ಲಿ ಅಚ್ಚಾದವು.

1953ರ ಅಕ್ಟೋಬರ್ 1ರಂದು ನಮ್ಮೂರು ಸೇರಿದ್ದ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು. ತೆಲುಗು ಕಾಗದಪತ್ರದಲ್ಲಿ ಕೂರಿಗೆ ಗೊರ್ರು ಆಯಿತು, ಕುಂಟೆ ಗುಂಟಕ ಆಯಿತು. ಮನೆಯಲ್ಲಿ ಹೆಸರು ಬದಲಾಗಲಿಲ್ಲ, ಅಳತೆಯೂ ಬದಲಾಗಲಿಲ್ಲ.

ಅಳತೆ ಬದಲಾದದ್ದು ಟ್ರಾಕ್ಟರ್ ಬಂದಮೇಲೆ. ಅದರ ಬೆನ್ನಿಗಿರುವ ಮೂರು ಕೊಂಡಿಗಳ ಏರ್ಪಾಟು ಐರ್ಲೆಂಡಿನ ಹ್ಯಾರಿ ಫರ್ಗುಸನ್‌ನದು; 1936ರಲ್ಲಿ ಅವನ ಟ್ರಾಕ್ಟರಿನೊಂದಿಗೆ ಮಾರುಕಟ್ಟೆಗೆ ಬಂತು. ನೇಗಿಲು, ಕಲ್ಟಿವೇಟರ್, ಕೂರಿಗೆ ಯಾವುದನ್ನಾದರೂ ಅದೇ ಮೂರು ಕಡೆ ಸಿಕ್ಕಿಸಬಹುದು. ಅಜ್ಜ ಇದ್ದಿದ್ದರೆ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆದರೆ ಆ ಕೂರಿಗೆ ಬಿಡುವ ಸಾಲಿಗೆ ನಮ್ಮ ಎಡೆಕುಂಟೆ ಕೂರುವುದಿಲ್ಲ.

ಹೋದ ಮುಂಗಾರಿನಲ್ಲಿ ನೆರೆಮನೆಯವ ಎಡೆಕುಂಟೆ ಹೊತ್ತು ಬಂದ. "ಅಣ್ಣಾ, ಟ್ರಾಕ್ಟರ್ ಸಾಲಿಗೆ ಇದನ್ನ ಹೊಂದಿಸಿ ಕೊಡು." ಜಂತಿಯಲ್ಲಿ ಸಿಕ್ಕಿಸಿದ್ದ ಅಜ್ಜನ ಅಳತೆಗೋಲು ತೆಗೆದುಕೊಂಡು ಅವನ ಹೊಲಕ್ಕೆ ನಡೆದೆ. ಹತ್ತಿ ಸಾಲುಗಳ ನಡುವೆ ಅದನ್ನು ಅಡ್ಡ ಇಟ್ಟು, ಉಳಿದ ಸಂದನ್ನು ಬೆರಳಲ್ಲಿ ಎಣಿಸಿ, ಗೋಲಿನ ಮೇಲೆ ಹೊಸದೊಂದು ಗೀರು ಹಾಕಿದೆ.