ಎಚ್‌ಐವಿ ಸೋಂಕಿತರಲ್ಲಿ ಜೆಸಿ ವೈರಸ್: ಪಿಎಂಎಲ್ ಕಾಯಿಲೆ ಮತ್ತು ಭಾರತದ ಅನುಭವ

ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಜೆಸಿ ವೈರಸ್ ಸೋಂಕು ತಗಲಿರುತ್ತದೆ. ಅದು ಮೂತ್ರಪಿಂಡದಲ್ಲಿ ಯಾವ ತೊಂದರೆಯನ್ನೂ ಕೊಡದೆ ಉಳಿದುಬಿಡುತ್ತದೆ. ಎಚ್‌ಐವಿಯಿಂದಾಗಿ ರೋಗನಿರೋಧಕ ಸಿಡಿ4 ಕಣಗಳು ಕುಸಿದಾಗ, ಸಾಮಾನ್ಯವಾಗಿ 200ಕ್ಕಿಂತ ಕೆಳಗಿಳಿದಾಗ, ಈ ಜೆಸಿ ವೈರಸ್ ಮಿದುಳಿನ ಆಲಿಗೋಡೆಂಡ್ರೋಸೈಟ್‌ಗಳನ್ನು ಕೊಲ್ಲತೊಡಗುತ್ತದೆ. ನರತಂತುಗಳಿಗೆ ಮಯಲಿನ್ ಹೊದಿಕೆ ಕೊಡುವ ಕೋಶಗಳಿವು. ಹೀಗೆ ಬರುವ ಪಿಎಂಎಲ್ (ಪ್ರೋಗ್ರೆಸಿವ್ ಮಲ್ಟಿಫೋಕಲ್ ಲ್ಯೂಕೋಎನ್ಸೆಫಲೋಪತಿ) ಕಾಯಿಲೆಯನ್ನು 1958ರಲ್ಲಿ ಮೊದಲು ವಿವರಿಸಲಾಯಿತು. ವೈರಸ್ಸನ್ನು ಬೇರ್ಪಡಿಸಿದ್ದು 1971ರಲ್ಲಿ.

ರೋಗಿಗೆ ಜ್ವರವಿರುವುದಿಲ್ಲ, ಕತ್ತು ಸೆಟೆದಿರುವುದಿಲ್ಲ, ತಲೆನೋವೂ ಅಪರೂಪ. ಒಂದು ಕೈಯಿಂದ ಅಂಗಿಯ ಗುಂಡಿ ಹಾಕಲಾಗುವುದಿಲ್ಲ, ಮಾತು ತೊದಲುತ್ತದೆ, ಊಟದ ತಟ್ಟೆಯ ಒಂದು ಪಕ್ಕ ಕಾಣುವುದಿಲ್ಲ. ವಾರಗಳು ಕಳೆದಂತೆ ಇವೆಲ್ಲ ಹೆಚ್ಚುತ್ತವೆ. ಎಂಆರ್‌ಐನಲ್ಲಿ ಬಿಳಿ ದ್ರವ್ಯದ ಕಲೆಗಳು ಮಿದುಳಿನ ಹೊರಪದರದ ಅಂಚಿನವರೆಗೂ ಹಬ್ಬಿರುತ್ತವೆ. ಸುತ್ತಲಿನ ಭಾಗವನ್ನು ಒತ್ತುವುದಿಲ್ಲ. ಒತ್ತಡ ಹಾಕುವ, ಉಂಗುರದಂತೆ ಹೊಳೆಯುವ ಗಂಟುಗಳಿದ್ದರೆ ಟಾಕ್ಸೊಪ್ಲಾಸ್ಮಾ, ಕ್ಷಯ ಅಥವಾ ಲಿಂಫೋಮಾ ಇರಬಹುದೇ ಎಂದು ಮೊದಲು ನೋಡಬೇಕು. ಬೆನ್ನುಹುರಿಯ ನೀರಿನಲ್ಲಿ ಪಿಸಿಆರ್ ಮೂಲಕ ಜೆಸಿ ವೈರಸ್ಸಿನ ಡಿಎನ್‌ಎ ಸಿಕ್ಕರೆ ರೋಗನಿರ್ಣಯ ಗಟ್ಟಿಯಾಗುತ್ತದೆ. ಸಿಗದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನುವಂತಿಲ್ಲ.

ಪಶ್ಚಿಮದ ದೇಶಗಳಲ್ಲಿ ಏಡ್ಸ್ ರೋಗಿಗಳ ಪೈಕಿ ಸುಮಾರು ಶೇ. 5ರಷ್ಟು ಜನರಿಗೆ ಪಿಎಂಎಲ್ ಬರುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಅದು ವಿರಳವಾಗಿ ವರದಿಯಾಗುತ್ತಿತ್ತು. ಭಾರತ ಮತ್ತು ಆಫ್ರಿಕಾದ ಈ ವಿರಳತೆಗೆ ಜೈವಿಕ ಕಾರಣವಿದೆಯೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಎಸ್.ಕೆ. ಶಂಕರ್, ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 2003ರಲ್ಲೇ ಎತ್ತಿದ್ದರು. ಇಲ್ಲಿ ಹೆಚ್ಚಾಗಿರುವ ಸಿ ಉಪಪ್ರಕಾರದ ಎಚ್‌ಐವಿಯೇ ಕಾರಣವಿರಬಹುದು ಎಂಬ ವಾದವೂ ಇದೆ. ಅದನ್ನು ತಳ್ಳಿಹಾಕಲಾಗದು. ಆದರೆ ನನ್ನ ಮಟ್ಟಿಗೆ ಹೆಚ್ಚು ತೂಕದ ವಿವರಣೆ ಬೇರೆ. ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಚಿಕಿತ್ಸೆಯಾದ ಎಆರ್‌ಟಿ ನಮ್ಮಲ್ಲಿ ಉಚಿತವಾಗಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ನಮ್ಮ ರೋಗಿಗಳು ಕ್ಷಯಕ್ಕೋ ಕ್ರಿಪ್ಟೊಕಾಕಲ್ ಮೆನಿಂಜೈಟಿಸ್‌ಗೋ ಬಲಿಯಾಗಿ, ಪಿಎಂಎಲ್ ಕಾಣಿಸಿಕೊಳ್ಳುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಬದುಕಿದವರಿಗೂ ಎಂಆರ್‌ಐ, ಪಿಸಿಆರ್ ಕೈಗೆಟುಕುತ್ತಿದ್ದುದು ಕಡಿಮೆ. ಶವಪರೀಕ್ಷೆಯಂತೂ ಇನ್ನೂ ಅಪರೂಪ. ವರದಿಯಾಗದ ಕಾಯಿಲೆಯನ್ನು ಇಲ್ಲದ ಕಾಯಿಲೆಯೆಂದು ಬಗೆದರೆ ಎದುರಿಗಿರುವ ರೋಗಿಗೆ ಅನ್ಯಾಯವಾಗುತ್ತದೆ.

ಜೆಸಿ ವೈರಸ್ಸಿಗೆಂದೇ ಪರಿಣಾಮಕಾರಿ ಔಷಧ ಇಂದಿಗೂ ಇಲ್ಲ. ಸೈಟರಾಬಿನ್, ಸಿಡೊಫೊವಿರ್, ಮೆಫ್ಲೊಕ್ವಿನ್ ಎಲ್ಲವನ್ನೂ ಪರೀಕ್ಷಿಸಿದ್ದಾಯಿತು, ಪ್ರಯೋಜನ ಕಾಣಲಿಲ್ಲ. ಎಆರ್‌ಟಿಯಿಂದ ದೇಹದ ರೋಗನಿರೋಧಕ ಶಕ್ತಿ ಮರಳುವುದೊಂದೇ ದಾರಿ. ಆ ಶಕ್ತಿ ಮರಳುವಾಗಲೇ ಕೆಲವರಲ್ಲಿ ಉರಿಯೂತ ಕೆರಳಿ ಲಕ್ಷಣಗಳು ಉಲ್ಬಣಿಸುತ್ತವೆ. ಐರಿಸ್ ಎನ್ನುವುದು ಇದನ್ನೇ. ಮಾತ್ರೆ ನುಂಗಿದ್ದರಿಂದಲೇ ಕೈ ಬಿದ್ದುಹೋಯಿತೆಂದು ಮನೆಯವರು ಹೆದರಿ ಔಷಧ ನಿಲ್ಲಿಸುವ ಅಪಾಯ ಇರುವುದು ಆಗಲೇ. ಬಾವು ತೀವ್ರವಾಗಿದ್ದರೆ ಸ್ಟಿರಾಯ್ಡ್ ಕೊಡಬಹುದು, ಎಆರ್‌ಟಿಯನ್ನು ಮಾತ್ರ ಬಿಡಿಸಬಾರದು. ಈ ಮಾತನ್ನು ಮೊದಲ ಮಾತ್ರೆ ಕೊಡುವ ದಿನವೇ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು.