ಸಣ್ಣ ಟೆಲಿಸ್ಕೋಪ್‌ಗೆ ದೊಡ್ಡ ಗೈಡ್ ಸ್ಕೋಪ್ ಬೇಕೇ?

ಮಸೂರವಿರುವ ಸಣ್ಣ ಟೆಲಿಸ್ಕೋಪ್ ಕೊಂಡು ನೀಹಾರಿಕೆ, ಗೆಲಾಕ್ಸಿಗಳ ಫೋಟೊ ತೆಗೆಯಲು ಹೊರಟವರಿಗೆ ಆಗಾಗ ಸಿಗುವ ಸಲಹೆ ಇದು: ‘ಗೈಡ್ ಸ್ಕೋಪ್ ಕೂಡ ಮುಖ್ಯ ಟೆಲಿಸ್ಕೋಪ್‌ನಷ್ಟೇ ಉದ್ದವಿರಬೇಕು. ಇಲ್ಲದಿದ್ದರೆ ನಕ್ಷತ್ರಗಳು ಚುಕ್ಕೆಗಳ ಬದಲು ಗೆರೆಗಳಾಗುತ್ತವೆ.’ ಇದನ್ನು ನಂಬಿ ಹಣ ಸುರಿಯುವ ಮುನ್ನ ಒಂದಿಷ್ಟು ಲೆಕ್ಕ ಹಾಕಿ ನೋಡೋಣ.

ಗೈಡಿಂಗ್ ಎಂದರೇನು?

ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್‌ವರೆಗೆ ಸರಿಯುತ್ತವೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್. ಈ ಚಲನೆಗೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸುವುದು ಈಕ್ವಟೋರಿಯಲ್ ಮೌಂಟ್‌ನ ಕೆಲಸ. ಆದರೆ ಅದರ ಹಲ್ಲುಚಕ್ರಗಳು ಪೂರ್ತಿ ನಿಖರವಲ್ಲ. ಹೀಗಾಗಿ ಕೆಲವು ನಿಮಿಷಗಳಿಗೊಮ್ಮೆ ನಕ್ಷತ್ರ ಅತ್ತಿತ್ತ ತೂಗುತ್ತದೆ. ಪಕ್ಕದಲ್ಲಿ ಕೂರಿಸಿದ ಸಣ್ಣ ಗೈಡ್ ಸ್ಕೋಪ್ ಮತ್ತು ಕ್ಯಾಮೆರಾ ನಕ್ಷತ್ರವನ್ನು ಗಮನಿಸುತ್ತಿದ್ದರೆ, ಪಿಎಚ್‌ಡಿ2ನಂತಹ ಉಚಿತ ತಂತ್ರಾಂಶ ಕೆಲವೇ ಸೆಕೆಂಡಿಗೊಮ್ಮೆ ಮೌಂಟನ್ನು ತಿದ್ದುತ್ತದೆ.

ಸಲಹೆ ಬಂದದ್ದೆಲ್ಲಿಂದ?

ಫಿಲ್ಮ್ ಕಾಲದಲ್ಲಿ ಈ ಕೆಲಸವನ್ನು ಕಣ್ಣಿನಿಂದಲೇ ಮಾಡಬೇಕಿತ್ತು. ಅಡ್ಡಗೆರೆಗಳ ನಡುವೆ ನಕ್ಷತ್ರವನ್ನು ಗಂಟೆಗಟ್ಟಲೆ ಹಿಡಿದಿಡಲು ಹೆಚ್ಚು ವರ್ಧನೆ, ಅಂದರೆ ಉದ್ದನೆಯ ಗೈಡ್ ಸ್ಕೋಪ್ ಬೇಕಿತ್ತು. ಅಂದಿಗೆ ಸಲಹೆ ಸರಿ. ಈಗ ತಂತ್ರಾಂಶವು ನಕ್ಷತ್ರದ ಬೆಳಕು ಹಲವು ಪಿಕ್ಸೆಲ್‌ಗಳ ಮೇಲೆ ಹರಡಿದ ರೀತಿ ನೋಡಿ ಅದರ ಕೇಂದ್ರವನ್ನು ಒಂದು ಪಿಕ್ಸೆಲ್‌ನ ಐದನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಗುರುತಿಸಬಲ್ಲದು.

ಲೆಕ್ಕ ಹೀಗಿದೆ

ಪಿಕ್ಸೆಲ್‌ನ ಅಳತೆಯನ್ನು (ಮೈಕ್ರಾನ್‌ನಲ್ಲಿ) 206 ರಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ (ಮಿ.ಮೀ.ನಲ್ಲಿ) ಭಾಗಿಸಿ. ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಆಕಾಶ ನೋಡುತ್ತದೆ ಎಂಬುದು ಸಿಗುತ್ತದೆ.

• ಮುಖ್ಯ ಟೆಲಿಸ್ಕೋಪ್: 360 ಮಿ.ಮೀ., ಪಿಕ್ಸೆಲ್ 3.76 ಮೈಕ್ರಾನ್ – ಸುಮಾರು 2.2 ಆರ್ಕ್‌ಸೆಕೆಂಡ್
• ಗೈಡ್ ಸ್ಕೋಪ್: 120 ಮಿ.ಮೀ., ಪಿಕ್ಸೆಲ್ 3.75 ಮೈಕ್ರಾನ್ – ಸುಮಾರು 6.4 ಆರ್ಕ್‌ಸೆಕೆಂಡ್

6.4ರ ಐದನೇ ಒಂದು ಭಾಗ ಸುಮಾರು 1.3. ಅಂದರೆ ಮುಖ್ಯ ಕ್ಯಾಮೆರಾದ ಒಂದು ಪಿಕ್ಸೆಲ್‌ಗಿಂತಲೂ ಚಿಕ್ಕ ತಪ್ಪನ್ನು ಈ ಪುಟ್ಟ ಗೈಡ್ ಸ್ಕೋಪ್ ಹಿಡಿಯುತ್ತದೆ. ಸಣ್ಣ ಟೆಲಿಸ್ಕೋಪ್‌ಗೆ ಇಷ್ಟು ಸಾಕು.

ಕೊಳ್ಳುವಾಗ ಏನು ನೋಡಬೇಕು?

• ಗೈಡ್ ಸ್ಕೋಪ್: 30 ಮಿ.ಮೀ. ಅಗಲದ ಮಸೂರ, 120 ಮಿ.ಮೀ. ಆಸುಪಾಸಿನ ಫೋಕಲ್ ಲೆಂಗ್ತ್.
• ಕ್ಯಾಮೆರಾ: ಕಪ್ಪು-ಬಿಳುಪಿನದೇ ಉತ್ತಮ. ಬಣ್ಣದ ಫಿಲ್ಟರ್ ಬೆಳಕನ್ನು ತಡೆಯದ ಕಾರಣ ಮಂದ ನಕ್ಷತ್ರಗಳೂ ಕಾಣುತ್ತವೆ.
• ಜೋಡಣೆ: ಸ್ವಲ್ಪವೂ ಅಲುಗಾಡಬಾರದು. ಗೈಡ್ ಸ್ಕೋಪ್ ಮೆಲ್ಲಗೆ ಬಾಗಿದರೆ, ತಂತ್ರಾಂಶದ ಗ್ರಾಫ್ ಚೆನ್ನಾಗಿದ್ದರೂ ಫೋಟೊದಲ್ಲಿ ನಕ್ಷತ್ರಗಳು ಉದ್ದವಾಗುತ್ತವೆ. ಜೋತಾಡುವ ಕೇಬಲ್‌ಗಳನ್ನೂ ಕಟ್ಟಿಡಿ.

ಆಫ್-ಆಕ್ಸಿಸ್ ಗೈಡರ್ ಎಂಬ ಇನ್ನೊಂದು ಸಾಧನವಿದೆ. ಇದು ಮುಖ್ಯ ಟೆಲಿಸ್ಕೋಪ್‌ನ ಬೆಳಕಿನಲ್ಲೇ ಒಂದು ಅಂಚನ್ನು ಪಟ್ಟಕದಿಂದ ಗೈಡ್ ಕ್ಯಾಮೆರಾಗೆ ತಿರುಗಿಸುತ್ತದೆ. ಬಾಗುವ ಸಮಸ್ಯೆಯೇ ಇಲ್ಲ. ಆದರೆ ಇದರ ನಿಜವಾದ ಉಪಯೋಗ 1,000 ಮಿ.ಮೀ. ಮತ್ತು ಅದಕ್ಕಿಂತ ಉದ್ದದ ಟೆಲಿಸ್ಕೋಪ್‌ಗಳಿಗೆ.

ಗೈಡಿಂಗ್ ಏನನ್ನು ಸರಿಪಡಿಸದು?

ಗಾಳಿಯ ಹೊಡೆತ, ಭಾರ ತಾಳದ ಮೌಂಟ್, ಸಡಿಲ ಟ್ರೈಪಾಡ್ ಇವಕ್ಕೆ ಗೈಡಿಂಗ್ ಮದ್ದಲ್ಲ. ಮೇಲೆ-ಕೆಳಗೆ, ಎಡ-ಬಲ ಮಾತ್ರ ತಿರುಗುವ ಮೌಂಟ್‌ನಲ್ಲಿ ಇಡೀ ಚಿತ್ರವೇ ನಿಧಾನವಾಗಿ ಸುತ್ತುತ್ತದೆ. ಅದನ್ನೂ ಇದು ತಡೆಯದು. ಈಕ್ವಟೋರಿಯಲ್ ಮೌಂಟ್‌ನ ಅಕ್ಷವನ್ನು ಮೊದಲು ಆಕಾಶದ ಧ್ರುವಕ್ಕೆ ಸರಿಯಾಗಿ ಗುರಿಯಿಡಬೇಕು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಮರ, ಕಟ್ಟಡಗಳ ಹಿಂದೆ ಮರೆಯಾಗುವುದು ಸಾಮಾನ್ಯ. ಆಗ ಬೇರೆ ನಕ್ಷತ್ರಗಳು ಸರಿಯುವ ದಿಕ್ಕನ್ನು ನೋಡಿ ಅಕ್ಷ ಹೊಂದಿಸುವ ಡ್ರಿಫ್ಟ್ ವಿಧಾನ ಬಳಸಬಹುದು. ಪಿಎಚ್‌ಡಿ2ನಲ್ಲೇ ಈ ಸೌಲಭ್ಯವಿದೆ.

ಒಟ್ಟಿನಲ್ಲಿ

‘ಗೈಡ್ ಸ್ಕೋಪ್ ಮುಖ್ಯ ಟೆಲಿಸ್ಕೋಪ್‌ನಷ್ಟೇ ಉದ್ದವಿರಬೇಕು’ ಎಂಬುದು ಇಂದಿನ ಸಣ್ಣ ಟೆಲಿಸ್ಕೋಪ್‌ಗಳಿಗೆ ಅನ್ವಯಿಸುವುದಿಲ್ಲ. ದೊಡ್ಡ ಗೈಡ್ ಸ್ಕೋಪ್ ಮೌಂಟ್‌ನ ಮೇಲೆ ಭಾರ ಹೇರುತ್ತದೆ, ಅಷ್ಟೆ. ಅಲ್ಲಿ ಉಳಿಸಿದ ಹಣವನ್ನು ಗಟ್ಟಿಯಾದ ಮೌಂಟ್‌ಗೆ ಹಾಕಿ. ನಕ್ಷತ್ರಗಳು ದುಂಡಗೆ ಬರುವುದು ಬಹುಪಾಲು ಅದರಿಂದಲೇ.